‘ತಲೆಯ ಮೇಲೆ ತೂಗುಗತ್ತಿ’ ಎಂಬ ಮಾತು ಎಲ್ಲಿಂದ ಬಂತು? ಕತ್ತಿಯ ಬೇರೆ ಗಾದೆಗಳಿವೆಯೇ?

ಶಿರಸಿ ಕಡೆ ಅರಣ್ಯ ಅತಿಕ್ರಮಣದ ಸುದ್ದಿ ಬಂದಾಗಲೆಲ್ಲ ‘ಒಕ್ಕಲೆಬ್ಬಿಸುವ ತೂಗುಗತ್ತಿ’ ಕೇಳಿಸುತ್ತದೆ. ಮೂಲ ಗ್ರೀಕರ ಕತೆ. ಸಿರಾಕ್ಯೂಸ್‌ನ ದೊರೆ ಡಯೊನೀಸಿಯಸ್‌ನ ಭಾಗ್ಯವನ್ನು ಡಮೊಕ್ಲಿಸ್ ಎಂಬ ಹೊಗಳುಭಟ್ಟ ಕೊಂಡಾಡಿದ. ದೊರೆ ಅವನನ್ನೇ ತನ್ನ ಆಸನದಲ್ಲಿ ಕೂರಿಸಿ, ನೆತ್ತಿಯ ಮೇಲೆ ಕುದುರೆಯ ಒಂದೇ ಕೂದಲಿಗೆ ಕತ್ತಿ ತೂಗುಬಿಟ್ಟ. ಎದುರಿಗಿದ್ದ ಭೋಜನ ಗಂಟಲಲ್ಲಿ ಇಳಿಯಲಿಲ್ಲ. ಇದನ್ನು ಬರೆದಿಟ್ಟವನು ರೋಮಿನ ಸಿಸೆರೊ. ಕತ್ತಿ ಬೀಳುವುದೇ ಇಲ್ಲ, ಬೀಳಬಹುದೆಂಬ ಭಯವೇ ಶಿಕ್ಷೆ. ಪಟ್ಟಾ ಇಲ್ಲದೆ ತಲೆಮಾರುಗಳಿಂದ ಗದ್ದೆ-ತೋಟ ಮಾಡಿಕೊಂಡು ಬಂದವರ ಪಾಡಿಗೆ ಇದಕ್ಕಿಂತ ಸರಿಯಾದ ಮಾತು ಸಿಗದು.

ನಮ್ಮ ನಿತ್ಯದ ಮಾತೆಂದರೆ ‘ಕತ್ತಿ ಮಸೆಯುವುದು’, ಅಂದರೆ ಒಳಗೊಳಗೇ ಹಗೆ ಸಾಧಿಸುವುದು. ಅಡಿಕೆ ತೋಟಕ್ಕೆ ಹೊರಡುವ ಮುಂಚೆ ಕಲ್ಲಿಗೆ ನೀರು ಚಿಮುಕಿಸಿ, ಅಲುಗಿನ ಮಗ್ಗುಲು ಬದಲಿಸುತ್ತ ತಿಕ್ಕುವುದನ್ನು ನೋಡಿದವರಿಗೆ ಗೊತ್ತು: ಮಸೆತ ನಿಧಾನ, ಏಟು ಆಮೇಲೆ. ದ್ವೇಷವೂ ಹಾಗೇ.

‘ಖಡ್ಗಕ್ಕಿಂತ ಲೇಖನಿ ಹರಿತ’ ಎಂಬುದು ಪ್ರಸಿದ್ಧವಾದದ್ದು 1839ರ ಇಂಗ್ಲಿಷ್ ನಾಟಕವೊಂದರಿಂದ. ನನಗೆ ಹೆಚ್ಚು ಇಷ್ಟ ‘ಚಿನ್ನದ ಕತ್ತಿಯೆಂದು ಕುತ್ತಿಗೆ ಕೊಯ್ದುಕೊಳ್ಳಬಹುದೇ?’ ಎಂಬ ಗಾದೆ. ಸುಲಭಕ್ಕೆ ಸಿಗುವ ಸಾಲಕ್ಕೂ ಸಿರಿವಂತರ ಮನೆಯ ಸಂಬಂಧಕ್ಕೂ ಅದು ಅಷ್ಟೇ ಚೆನ್ನಾಗಿ ಹೊಂದುತ್ತದೆ.