ಹೆಸರಿಲ್ಲದ ಪತ್ರಕ್ಕೊಂದು ಉತ್ತರ

ಅಮ್ಮ,

ನಿಮ್ಮ ಪತ್ರ ಕೈಸೇರಿ ಮೂರು ವಾರವಾಯಿತು. ಊರು ಬೇಡ, ಹೆಸರು ಬೇಡ, ಅಚ್ಚು ಹಾಕಿದರೂ ಸರಿ ಬಿಟ್ಟರೂ ಸರಿ ಎಂದಿದ್ದೀರಿ. ಪತ್ರವನ್ನು ಪ್ರಕಟಿಸುತ್ತಿಲ್ಲ. ವಿಳಾಸವಿಲ್ಲದ ಕಾರಣ ಉತ್ತರವನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಉಳಿದ ಓದುಗರಿಗಾಗಿ ನಾಲ್ಕು ಮಾತು. ಈ ತಾಯಿಯ ಮಗನಿಗೆ ಇಪ್ಪತ್ತಮೂರು ವರ್ಷ. ಬೆಂಗಳೂರಿನಲ್ಲಿ ಓದುವಾಗ, ಅಫೀಮಿನ ಗುಣವಿರುವ ನೋವಿನ ಮಾತ್ರೆಗಳನ್ನು ಕರಗಿಸಿ ಚುಚ್ಚಿಕೊಳ್ಳುವ ಚಟಕ್ಕೆ ಬಿದ್ದ. ಖಾಸಗಿ ಕೇಂದ್ರವೊಂದರಲ್ಲಿ ಮೂರು ತಿಂಗಳಿದ್ದು, ಮೈಕೈ ತುಂಬಿಕೊಂಡು ಮನೆಗೆ ಬಂದ. ಹನ್ನೊಂದನೆಯ ರಾತ್ರಿ ಅವನ ಕೋಣೆಯಿಂದ ಜೋರಾದ ಗೊರಕೆ ಕೇಳಿಸಿತು. ಎಷ್ಟೋ ಕಾಲದ ಮೇಲೆ ಮಗ ಕಣ್ತುಂಬ ಮಲಗಿದ್ದಾನೆಂದು ತಾಯಿ ಹೊದಿಕೆ ಸರಿಮಾಡಿ, ದೀಪ ಆರಿಸಿ ಬಂದರು. ಬೆಳಿಗ್ಗೆ ಅವನಿರಲಿಲ್ಲ. ಮಗಳ ಮದುವೆಯ ಮಾತುಕತೆ ನಡೆಯುತ್ತಿದ್ದುದರಿಂದ ಊರಿಗೆಲ್ಲ ಹೃದಯಾಘಾತವೆಂದು ಹೇಳಿದರು.

'ಗೊರಕೆ ಕೇಳಿ ನಾನು ಸಂತೋಷಪಟ್ಟೆ. ಹೆತ್ತವಳಿಗೆ ಅದು ಹೋಗುವ ಸದ್ದೆಂದು ಏಕೆ ತಿಳಿಯಲಿಲ್ಲ?' ಎಂದು ಕೇಳಿದ್ದೀರಿ.

ನಿಮಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ತಿಳಿಯಲಿಲ್ಲ. ಅಫೀಮಿನ ಜಾತಿಯ ಔಷಧ ಹೆಚ್ಚಾದಾಗ ಮಿದುಳು ಉಸಿರಾಟವನ್ನು ನಡೆಸುವುದನ್ನೇ ನಿಧಾನಗೊಳಿಸುತ್ತದೆ. ಗಂಟಲು ಸಡಿಲವಾಗಿ ಗೊರಗೊರ ಸದ್ದು ಬರುತ್ತದೆ. ಕೇಳಿದವರಿಗೆ ಅದು ಗಾಢ ನಿದ್ರೆ. ಪ್ರಪಂಚದ ಎಷ್ಟೋ ಮನೆಗಳಲ್ಲಿ ಎಷ್ಟೋ ತಾಯಂದಿರು, ಹೆಂಡಂದಿರು, ಕೋಣೆ ಹಂಚಿಕೊಂಡ ಗೆಳೆಯರು ಇದೇ ಸದ್ದನ್ನು ಕೇಳಿ 'ಸದ್ಯ, ಮಲಗಿದ' ಎಂದುಕೊಂಡು ಮಗ್ಗುಲು ಬದಲಿಸಿದ್ದಾರೆ. ತುಟಿ, ಉಗುರು ನೀಲಿಯಾಗಿವೆಯೇ ಎಂದು ನೋಡಬೇಕು, ಅಲುಗಿಸಿ ಎಬ್ಬಿಸಬೇಕು, ಏಳದಿದ್ದರೆ ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಬೇಕು ಎಂಬುದೆಲ್ಲ ಕಲಿಸಿದರೆ ಮಾತ್ರ ಬರುವ ವಿದ್ಯೆ. ಹೆತ್ತ ಕರುಳಿಗೆ ತಾನಾಗಿ ಹೊಳೆಯುವಂಥದ್ದಲ್ಲ.

ಅದನ್ನು ಕಲಿಸಬೇಕಾದವರು ಇದ್ದರು. ಮೂರು ತಿಂಗಳು ಹಣ ಕಟ್ಟಿಸಿಕೊಂಡು, ಹೊರಡುವ ದಿನ 'ಇನ್ನು ಮೇಲೆ ಕಣ್ಣಿಟ್ಟು ನೋಡಿಕೊಳ್ಳಿ' ಎಂದು ಕಳುಹಿಸಿದರಲ್ಲ, ಅವರ ಮೇಲೆ ನನಗೆ ಸಿಟ್ಟಿದೆ. ಯಾವುದರ ಮೇಲೆ ಕಣ್ಣಿಡಬೇಕೆಂದು ಅವರು ಹೇಳಲಿಲ್ಲ. ನಾಲಾಕ್ಸೋನ್ ಎಂಬ ಮದ್ದು ಇಂಥ ಉಸಿರನ್ನು ಮರಳಿ ತರಬಲ್ಲದು. ಅದು ಮನೆಯವರ ಕೈಯಲ್ಲೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಶಿಫಾರಸು ಮಾಡಿದೆ. ಅಮೆರಿಕದಲ್ಲಿ 2023ರಿಂದ ಮೂಗಿಗೆ ಸಿಂಪಡಿಸುವ ರೂಪದಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ. ನಿಮ್ಮ ಮನೆಗೆ ಅದರ ಹೆಸರೂ ತಲುಪಿರಲಿಲ್ಲ.

ನಿಮ್ಮ ಎರಡನೆಯ ಪ್ರಶ್ನೆ ಇನ್ನೂ ಕಠಿಣ. 'ಮೂರು ತಿಂಗಳು ಬಿಟ್ಟಿದ್ದವನು ಮತ್ತೆ ಮುಟ್ಟಿದ. ಹಾಗಾದರೆ ಅವನು ನಮಗೆ ಹೇಳಿದ್ದೆಲ್ಲ ಸುಳ್ಳೇ?' ನಿಮ್ಮ ಯಜಮಾನರು ಹಾಗೆಯೇ ನಂಬಿದ್ದಾರೆ. ಮೋಸ ಮಾಡಿ ಹೋದ ಎಂದು ಗೋಡೆಯ ಮೇಲಿನ ಫೋಟೋ ತೆಗೆದಿಟ್ಟಿದ್ದಾರೆ.

ಈ ಉತ್ತರವನ್ನು ಅವರಿಗೂ ಓದಿ ಹೇಳಿ. ದಿನವೂ ತೆಗೆದುಕೊಳ್ಳುವವನ ದೇಹ ಆ ವಿಷಕ್ಕೆ ಒಗ್ಗಿಹೋಗಿರುತ್ತದೆ. ಕೆಲವು ವಾರ ಬಿಟ್ಟರೆ ಸಾಕು, ಒಗ್ಗಿದ್ದು ಇಳಿದುಹೋಗುತ್ತದೆ. ಆದರೆ ಆಸೆ ಅಷ್ಟು ಬೇಗ ಇಳಿಯುವುದಿಲ್ಲ. ಒಂದು ದುರ್ಬಲ ಸಂಜೆ ಹಳೆಯ ಅಳತೆಯನ್ನೇ ತೆಗೆದುಕೊಂಡರೆ, ಹಿಂದೆ ತಡೆದುಕೊಂಡ ಅದೇ ದೇಹ ಈಗ ತಡೆಯುವುದಿಲ್ಲ. ಚಿಕಿತ್ಸೆ ಮುಗಿಸಿ ಅಥವಾ ಸೆರೆಮನೆಯಿಂದ ಹೊರಬಂದ ಮೊದಲ ವಾರಗಳು ಅತ್ಯಂತ ಅಪಾಯದವು ಎಂದು ವೈದ್ಯರು ಹೇಳುವುದು ಇದಕ್ಕೇ. ಎಂದರೆ, ಅಮ್ಮ, ಅವನು ಆ ಮೂರು ತಿಂಗಳು ನಿಜವಾಗಿಯೂ ಬಿಟ್ಟಿದ್ದ. ಬಿಟ್ಟಿದ್ದನೆಂಬುದಕ್ಕೆ ಅವನ ಸಾವೇ ಸಾಕ್ಷಿಯಂತಿದೆ. ಇದನ್ನು ಬರೆಯಲು ನನ್ನ ಕೈ ತಡೆಯಿತು, ಆದರೂ ಬರೆಯುತ್ತಿದ್ದೇನೆ. ಮಗ ಸುಳ್ಳುಗಾರನೆಂದು ನಂಬಿಕೊಂಡು ಒಬ್ಬ ತಂದೆ ಉಳಿದ ಆಯಸ್ಸು ಕಳೆಯಬಾರದು.

ಪೊಲೀಸ್ ಕೇಸಾಗುತ್ತದೆಂಬ ಭಯದಿಂದ ಮೊದಲೇ ಸರಕಾರಿ ಆಸ್ಪತ್ರೆಗೆ ಹೋಗಲಿಲ್ಲ ಎಂದಿದ್ದೀರಿ. ಇದಕ್ಕೆ ನಾನು ಕೊಡುವ ಉತ್ತರ ನಿಮಗಲ್ಲ. ಈ ಹೊತ್ತು ಅದೇ ಭಯದಲ್ಲಿ ಕುಳಿತಿರುವ ಇನ್ನೊಂದು ಮನೆಗೆ. 1985ರ ಮಾದಕವಸ್ತು ಕಾಯ್ದೆಯಲ್ಲೇ 64ಎ ಎಂಬ ಕಲಮಿದೆ. ಸೇವನೆ ಅಥವಾ ಅತಿ ಕಡಿಮೆ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರಕಾರದ ಅಥವಾ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರೈಸಿದರೆ, ಮೊಕದ್ದಮೆಯಿಂದ ರಕ್ಷಣೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಚಟ ಬಿಡಿಸಲು ನೆರವಾಗುವ ಸರಕಾರಿ ಸಹಾಯವಾಣಿ 14446ಕ್ಕೆ ಕರೆ ಮಾಡಲು ಹಣ ಬೇಕಾಗಿಲ್ಲ.

ಸುಮಾರು ಮೂವತ್ತು ವರ್ಷದ ಹಿಂದೆ ನಾನು ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದೆ. 'ಮಾದಕ ವ್ಯಸನಿಯ ಶವ ಪತ್ತೆ' ಎಂದು ಎರಡು ಕಾಲಂ ಶೀರ್ಷಿಕೆ ಕೊಟ್ಟೆ. ಮರುದಿನ ಆ ಹುಡುಗನ ತಂದೆ ಕಚೇರಿಗೆ ಬಂದರು. ಜಗಳವಾಡಲಿಲ್ಲ. 'ಅವನು ಕ್ಯಾರಂ ಚೆನ್ನಾಗಿ ಆಡುತ್ತಿದ್ದ ಸಾರ್, ಅದನ್ನೂ ಬರೆಯಬಹುದಿತ್ತು' ಎಂದರು. ನಾನು ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ. ನಿಮ್ಮ ಪತ್ರ ಓದಿದ ರಾತ್ರಿ ಅವರು ನೆನಪಾದರು.

ಪುತ್ರಶೋಕಂ ನಿರಂತರಂ ಎನ್ನುತ್ತಾರೆ. ಆ ಶೋಕಕ್ಕೆ ಊರು ಜೊತೆಯಾಗುತ್ತದೆ, ಜಗಲಿಯಲ್ಲಿ ಕುಳಿತು ಸತ್ತವನ ಗುಣ ಹೇಳುತ್ತದೆ. ನಿಮಗೆ ಅಷ್ಟೂ ಸಿಗಲಿಲ್ಲ. ವೈಕುಂಠ ಸಮಾರಾಧನೆಯ ಊಟದ ಸಾಲಿನಲ್ಲೇ ಭಾವನವರು 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದರಂತೆ. ಆ ಗಾದೆ ಮರಕ್ಕೆ ಸರಿ. ಕಾಯಿಲೆಗೆ ಅನ್ವಯಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಹಾಗೂ ಮಾದಕವಸ್ತುಗಳಿಂದ ಬರುವ ಸ್ಥಿತಿಯನ್ನು ಮಾನಸಿಕ ಅನಾರೋಗ್ಯದಲ್ಲೇ ಸೇರಿಸಿದೆ. ಸಕ್ಕರೆ ಕಾಯಿಲೆಯಿಂದ ಹೋದವನ ತಾಯಿಯ ಮುಂದೆ ಯಾರೂ ಗಾದೆ ಹೇಳುವುದಿಲ್ಲ.

ಹೃದಯಾಘಾತವೆಂದು ಹೇಳಿದ್ದನ್ನು ತಪ್ಪೆನ್ನಲಾರೆ. ಮಗಳ ಮುಖ ನೋಡಿ ಹೇಳಿದಿರಿ. ಊರಿಗೆಲ್ಲ ನಿಜ ಹೇಳಿಕೊಂಡು ಬನ್ನಿ ಎಂದೂ ನಾನು ಹೇಳುವುದಿಲ್ಲ. ಆದರೆ ಆ ಸುಳ್ಳನ್ನು ಕಾಯುವುದರಲ್ಲೇ ನಿಮ್ಮ ಮನೆಯ ಮೂವರೂ ಒಬ್ಬರ ಮುಂದೊಬ್ಬರು ಅಳುವುದನ್ನು ಬಿಟ್ಟಿದ್ದೀರಿ. ಅದು ನನಗೆ ದುಃಖವಾಗುತ್ತದೆ. ಮಗಳು ಅಣ್ಣನ ಅಂಗಿಯೊಂದನ್ನು ಪುಸ್ತಕಗಳ ಹಿಂದೆ ಬಚ್ಚಿಟ್ಟಿದ್ದಾಳೆ, ನೋಡಿಯೂ ನೋಡದಂತೆ ಇದ್ದೇನೆ ಎಂದು ಬರೆದಿದ್ದೀರಿ. ಮೊದಲು ಅವಳ ಬಳಿ ಕುಳಿತುಕೊಳ್ಳಿ. ಅಂಗಿ ಹೊರಗೆ ಬರಲಿ. ನಿದ್ರೆಯಿಲ್ಲದ ರಾತ್ರಿಗಳಲ್ಲಿ ಎದೆ ತೀರ ಭಾರವಾದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಸರಕಾರಿ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡುತ್ತಾರೆ, ಹೆಸರು ಹೇಳಲೇಬೇಕೆಂದಿಲ್ಲ.

ನಿಮ್ಮ ಹನ್ನೊಂದು ಪುಟಗಳನ್ನು ಮೂರು ಸಲ ಓದಿದೆ. 'ಅವನು', 'ನನ್ನ ಮಗ', 'ಹುಡುಗ' ಎಂದಿದೆಯೇ ಹೊರತು ಹೆಸರು ಎಲ್ಲೂ ಇಲ್ಲ. ಇನ್ನೊಂದು ಪತ್ರ ಬರೆಯಿರಿ. ಅವನ ಹೆಸರು ಬರೆಯಿರಿ, ಏನು ಆಡುತ್ತಿದ್ದ, ಯಾವ ಸಾರಿಗೆ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ, ಅದನ್ನೆಲ್ಲ ಬರೆಯಿರಿ. ಅಚ್ಚು ಹಾಕುವುದಿಲ್ಲ. ನಾನು ಓದುತ್ತೇನೆ.

- ಸಂಪಾದಕ