ಒಂದೇ ಭೂಕಂಪ, ಮೂರು ಅಂಕಿ

ಪತ್ರ: ನೇಪಾಳದ 2015ರ ಭೂಕಂಪದ ಲೇಖನದಲ್ಲಿ ‘ರಿಕ್ಟರ್ ಮಾಪಕದಲ್ಲಿ 7.8’ ಎಂದು ಹಾಕಿದ್ದೀರಿ. ನಾನು ಎತ್ತಿಟ್ಟ ಪೇಪರ್ ಕಟಿಂಗಿನಲ್ಲಿ ನೇಪಾಳದವರು 7.6 ಅಂದಿದ್ದಾರೆ, ಚೀನಾದವರು 8.1. ಯಾರನ್ನು ನಂಬಲಿ? ಇನ್ನೊಂದು. ಮರುವರ್ಷ ಪಶುಪತಿನಾಥನ ದರ್ಶನಕ್ಕೆ ಹೋಗಿದ್ದೆ. ಕಠ್ಮಂಡುವಿನ ಎತ್ತರದ ಧರಹರಾ ಗೋಪುರದ ಬುಡ ಮಾತ್ರ ಉಳಿದಿತ್ತು. ಹತ್ತಿರದ ಗಲ್ಲಿಯ ಮೂರಂತಸ್ತಿನ ಇಟ್ಟಿಗೆ ಮನೆಗಳು ನಿಂತೇ ಇದ್ದವು. ಇದು ಹೇಗೆ?
– ತಿಪಟೂರಿನ ಓದುಗರು

ಉತ್ತರ: ನಮಸ್ಕಾರ. ಮೊದಲು ನಮ್ಮ ತಪ್ಪು. 7.8 ಸರಿ, ‘ರಿಕ್ಟರ್’ ತಪ್ಪು. ಲೇಖಕರು ಬರೆದಿರಲಿಲ್ಲ. ಕೈ ಅಭ್ಯಾಸಕ್ಕೆ ನಾನೇ ಸೇರಿಸಿದ್ದು.

ಮೂರು ಅಂಕಿಯಲ್ಲಿ ಯಾವುದೂ ಸುಳ್ಳಲ್ಲ. ಒಂದೇ ಹಲಸಿನಹಣ್ಣನ್ನು ಒಬ್ಬ ತೂಕ ಹಾಕಿದ, ಇನ್ನೊಬ್ಬ ಸುತ್ತಳತೆ ಹಿಡಿದ ಅಂದುಕೊಳ್ಳಿ. ನೇಪಾಳದವರು ನೆಲದ ಅಲುಗಾಟ ದಾಖಲಿಸುವ ಹತ್ತಿರದ ಯಂತ್ರಗಳ ಗೀಟು ನೋಡಿ ಲೆಕ್ಕ ಹಾಕಿದರು. ರಿಕ್ಟರ್ ದಾರಿ ಅಂದರೆ ಇದು. ಚೀನಾದವರು ನೆಲದ ಮೇಲ್ಪದರದಲ್ಲಿ ಸಾಗುವ ನಿಧಾನದ ಅಲೆಗಳನ್ನು ಅಳೆದರು. ಅಮೆರಿಕದವರ 7.8 ಬೇರೆ ತರಹದ್ದು. ಎಷ್ಟು ದೊಡ್ಡ ಬಿರುಕು, ಎಷ್ಟು ಮೀಟರ್ ಜಾರಿತು, ಬಂಡೆ ಎಷ್ಟು ಗಟ್ಟಿ, ಈ ಮೂರನ್ನು ಗುಣಿಸಿ, ಅದರಿಂದ ಲೆಕ್ಕ ಹಾಕಿದ್ದು. ದೊಡ್ಡ ಭೂಕಂಪಕ್ಕೆ ನಾನು ನಂಬುವುದು ಇದನ್ನೇ.

ಆದರೆ ನಿಮ್ಮ ಎರಡನೇ ಪ್ರಶ್ನೆಗೆ ಈ ಮೂರರಲ್ಲಿ ಒಂದೂ ಉತ್ತರ ಕೊಡುವುದಿಲ್ಲ. ಅದಕ್ಕೆ ಗೀಟುಗಳನ್ನೇ ಓದಬೇಕು.

ಬಟ್ಟೆ ಅಂಗಡಿಯಲ್ಲಿ ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ, ಆಮೇಲೆ ಪರ್ರನೆ ಹರಿಯುತ್ತಾರಲ್ಲ, ಭೂಮಿಯೂ ಹಾಗೇ ಹರಿಯಿತು. ಏಪ್ರಿಲ್ 25ರ ಶನಿವಾರ, ಅಲ್ಲಿಯ ಗಡಿಯಾರದಲ್ಲಿ 11:56. ಕಚ್ಚು ಬಿದ್ದದ್ದು ಕಠ್ಮಂಡುವಿನಿಂದ ಸುಮಾರು 80 ಕಿ.ಮೀ. ದೂರದ ಗೋರ್ಖಾ ಜಿಲ್ಲೆಯಲ್ಲಿ. ಅಲ್ಲಿಂದ ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಹರಿಯುತ್ತಾ, ಕಠ್ಮಂಡುವಿನ ಅಡಿಯಲ್ಲೇ ಹಾದು, ಸುಮಾರು 140 ಕಿ.ಮೀ. ಹೋಗಿ ನಿಂತಿತು. ಒಂದು ನಿಮಿಷದೊಳಗೆ ಎಲ್ಲಾ ಮುಗಿದಿತ್ತು. ಹರಿಯುತ್ತಾ ಮುಂದೆ ಹೋದ ಹಾಗೆ ಅಲೆ ಹೊರಡುವ ಜಾಗವೂ ಸರಿಯುತ್ತದೆ. ದೂರ ದೇಶಗಳ ಯಂತ್ರಗಳು ಅದನ್ನು ಹಿಡಿದವು.

ಹತ್ತಿರದಲ್ಲಿ ಸಿಕ್ಕಿದ್ದು ಇನ್ನೂ ಸ್ವಾರಸ್ಯ. ಕಠ್ಮಂಡು ಕಣಿವೆಯ ಅಂಚಿನ ಬಂಡೆಯ ಮೇಲೆ ಒಂದು ಜಿಪಿಎಸ್ ಯಂತ್ರವಿತ್ತು. ಸೆಕೆಂಡಿಗೆ 5 ಸಲ ‘ನಾನು ಎಲ್ಲಿದ್ದೇನೆ’ ಎಂದು ಬರೆದಿಡುವಂಥದ್ದು. ಅದು ನಿಂತ ಬಂಡೆ ಒಂದೂವರೆ ಮೀಟರಿಗಿಂತ ಜಾಸ್ತಿ ದಕ್ಷಿಣಕ್ಕೆ ಸರಿಯಿತು, ಸುಮಾರು ಒಂದು ಮೀಟರ್ ಮೇಲೆದ್ದಿತು. ಗಮನಿಸಬೇಕಾದ್ದು ಸರಿದ ರೀತಿ. ಅಡಿಯ ಬಿರುಕು ಆ ಜಾಗದಲ್ಲಿ ಜಾರಲು ಸುಮಾರು 6 ಸೆಕೆಂಡು ತೆಗೆದುಕೊಂಡಿತ್ತು. ಪಳಗಿದ ಡ್ರೈವರ್ ಕ್ಲಚ್ಚನ್ನು ಮೆಲ್ಲಗೆ ಬಿಟ್ಟ ಹಾಗೆ. ಹೀಗೆ ನಯವಾಗಿ ಜಾರಿದರೆ ಗಡಗಡ ಅಲುಗಿಸುವ ಚುರುಕಿನ ಅಲೆ ಕಡಿಮೆ, ನಿಧಾನಕ್ಕೆ ತೂಗುವ ಅಲೆ ಜಾಸ್ತಿ.

ಎರಡು-ಮೂರು ಅಂತಸ್ತಿನ ಮನೆಯನ್ನು ಕೆಡವುವುದು ಆ ಗಡಗಡವೇ. ನಿಮ್ಮ ಗಲ್ಲಿಯ ಮನೆಗಳು ಬಚಾವಾಗಿದ್ದು ಹೀಗೆ. ಗಾಳಿ ಬಂದಾಗ ಅಡಿಕೆ ಮರ ನಿಧಾನಕ್ಕೆ ತೂಗುತ್ತದೆ, ತುಳಸಿ ಗಿಡ ಪಟಪಟ ಅಲುಗುತ್ತದೆ, ಅಲ್ವಾ? ಧರಹರಾದಂಥ ಎತ್ತರದ ಕಟ್ಟಡ ಅಡಿಕೆ ಮರದ ಜಾತಿ, ಅದಕ್ಕೆ ನಿಧಾನದ ತೂಗಾಟವೇ ಗಂಡಾಂತರ.

ಇದರ ಮೇಲೆ ಕಣಿವೆಯ ಮಣ್ಣು ಬೇರೆ. ಕಠ್ಮಂಡು ಹಿಂದೆ ಕೆರೆಯಾಗಿದ್ದ ಜಾಗ. ಅಡಿಯಲ್ಲಿ ನೂರಾರು ಮೀಟರ್ ಹೂಳು. ಅದರ ಕಪ್ಪು ಜೇಡಿಗೆ ಅಲ್ಲಿಯವರು ಕಾಲಿಮಾಟಿ ಅನ್ನುತ್ತಾರೆ. ಈ ಹೂಳಿಗೆ ಅದರದ್ದೇ ತೂಗಾಟವಿದೆ, ಒಂದು ಸಲ ಹೋಗಿ ಬರಲು 4-5 ಸೆಕೆಂಡು. ಬಂದ ಅಲೆಯೂ ಅದೇ ಲಯದ್ದು. ಜೋಕಾಲಿಗೆ ಸರಿಯಾದ ಹೊತ್ತಿಗೆ ಕೈ ಕೊಟ್ಟಂತಾಯಿತು. ಕೀರ್ತಿಪುರದ ಬಂಡೆಯ ಮೇಲಿದ್ದ ಯಂತ್ರದಲ್ಲಿ ಕುಲುಕಾಟದ ಗರಿಷ್ಠ ವೇಗವರ್ಧನೆ (ನೆಲ ಎಷ್ಟು ಜೋರಾಗಿ ಜಗ್ಗಿತು ಎಂಬ ಅಳತೆ) ಗುರುತ್ವದ ಕಾಲು ಪಾಲಿನಷ್ಟಿದ್ದರೆ, ಹೂಳಿನ ಮೇಲಿನ ಕಾಂತಿಪಥದ ಯಂತ್ರದಲ್ಲಿ ಅದು 16 ಶೇಕಡಾ ಮಾತ್ರ. ಮೆತ್ತನೆ ನೆಲದಲ್ಲಿ ಎಲ್ಲವೂ ಜಾಸ್ತಿ ಎಂದು ನಾವು ಸುಮ್ನೆ ಬರೆದುಬಿಡುತ್ತೇವೆ. ಇಲ್ಲಿ ಜಾಸ್ತಿಯಾಗಿದ್ದು ನಿಧಾನದ ತೂಗಾಟ.

ಹಾಗಂತ ಸಣ್ಣ ಮನೆ ಯಾವಾಗಲೂ ಕ್ಷೇಮ ಅಂದುಕೊಳ್ಳಬೇಡಿ. ಬಿರುಕಿನ ಉತ್ತರದ ಆಳದ ಅಂಚಿನಿಂದ ಚುರುಕಿನ ಅಲೆಗಳು ಧಾರಾಳವಾಗಿ ಹೊರಟಿದ್ದವು. ಗೋರ್ಖಾದ ಬಾರ್ಪಾಕ್, ಸಿಂಧುಪಾಲ್ಚೋಕ್‌ ಕಡೆಯ ಕಲ್ಲು-ಮಣ್ಣಿನ ಮನೆಗಳು ಊರಿಗೆ ಊರೇ ನೆಲಕಚ್ಚಿದವು. ಸತ್ತವರು ಒಟ್ಟು ಸುಮಾರು 9,000 ಮಂದಿ. ಬಿರುಕು ದಕ್ಷಿಣಕ್ಕೆ ನೆಲದ ಮೇಲ್ಮೈವರೆಗೆ ಬರಲೂ ಇಲ್ಲ. ಅಲ್ಲಿಯ ಬಂಡೆ ಇನ್ನೂ ಬಿಗಿದುಕೊಂಡೇ ಇದೆ.

ಆ ಗಲ್ಲಿಯ ಫೋಟೊ ನಿಮ್ಮ ಬಳಿ ಇದ್ದರೆ ಕಳಿಸಿ. ‘ರಿಕ್ಟರ್’ ತಿದ್ದುಪಡಿಯ ಪಕ್ಕದಲ್ಲೇ ಹಾಕುತ್ತೇವೆ.
– ಸಂ.