ಒಂದೇ ಒಂದು ತಗೊಳ್ಳಿ

ಮಾರ್ಚ್‌ನಲ್ಲಿ ಇಂಗ್ಲೆಂಡಿಗೆ ಬರುತ್ತಿದ್ದೇನೆ, ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್ ಕೆಲಸ ಅಂತ ಬರೆದಿದ್ದೀರಿ. ಸಂಬಳ ಸಾಕಾಗುತ್ತಾ, ಚಳಿ ಹೇಗೆ, ಜೊತೆಯವರು ಹತ್ತಿರ ಸೇರಿಸುತ್ತಾರಾ, ಮನೆಯಲ್ಲಿ ಮಾಡಿದ ಫ್ರೂಟ್ ಬಿಸ್ಕೆಟ್ ಒಯ್ದರೆ ತಿನ್ನುತ್ತಾರಾ ಅಂತ ಕೇಳಿದ್ದೀರಿ. ಕೊನೆಯ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಸಂಬಳದ ವಿಷಯ ಬೇಗ ಮುಗಿಸುತ್ತೇನೆ. ಓಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ ಪಾಸಾಗಿ ಪಿನ್, ಅಂದರೆ ನರ್ಸ್ ನೋಂದಣಿ ಸಂಖ್ಯೆ ಬರುವವರೆಗೆ ನನಗೆ ಬ್ಯಾಂಡ್ 4 ದರ್ಜೆಯ ಸಂಬಳ, ಆಮೇಲೆ ಅದಕ್ಕಿಂತ ಮೇಲಿನ ಬ್ಯಾಂಡ್ 5. ಒಬ್ಬರಿಗೆ ಸಾಕು, ಊರಿಗೂ ಕಳಿಸಬೇಕೆಂದರೆ ಕೈ ಬಿಗಿ. ಚಳಿಗಿಂತ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕವಿಯುವ ಕತ್ತಲೆ ಕಷ್ಟ. ಡ್ಯೂಟಿಯಲ್ಲಿ ಬಳೆ, ವಾಚು ಹಾಕುವ ಹಾಗಿಲ್ಲ. ಅಮ್ಮನಿಗೆ ವಿಡಿಯೋ ಕಾಲ್ ಮಾಡುವ ಮುಂಚೆ ನೆನಪಿಟ್ಟು ಬಳೆ ಹಾಕಿಕೊಳ್ಳಿ, ಇಲ್ಲದಿದ್ದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಇನ್ನು ಬಿಸ್ಕೆಟ್. ನಾನು ಹಾಸನದ ಕಡೆಯವಳು. ಅಯ್ಯಂಗಾರ್ ಬೇಕರಿಯವರ ತವರು ನಮ್ಮ ಜಿಲ್ಲೆ ಅಂತ ಇಲ್ಲಿ ಯಾರಿಗೂ ಹೇಳದೆ ಬಿಟ್ಟಿಲ್ಲ. 2017ರ ನವೆಂಬರ್‌ನಲ್ಲಿ ಬಂದೆ. ಇಲ್ಲಿನ ಬಿಸ್ಕೆಟ್‌ಗೆ ಒಣದ್ರಾಕ್ಷಿ ಹಾಕುತ್ತಾರೆ, ನಮ್ಮ ಕೆಂಪು, ಹಸಿರು ಟೂಟಿ ಫ್ರೂಟಿ ಇರುವುದಿಲ್ಲ. ಭಾರತೀಯ ಅಂಗಡಿಗಳಿರುವ ಲೆಸ್ಟರ್ ನಗರದ ಬೆಲ್‌ಗ್ರೇವ್ ರಸ್ತೆಗೆ ಹೋದಾಗ ಒಂದು ಅಂಗಡಿಯಲ್ಲಿ ಸಿಕ್ಕಿತು. ಸಕ್ಕರೆ ಪಾಕದ ಪಪ್ಪಾಯಿಕಾಯಿ ಅಷ್ಟೇ, ಆದರೂ ಎರಡು ಕಿಲೋ ಹೊತ್ತು ತಂದೆ.

250 ಗ್ರಾಂ ಮೈದಾ, 150 ಬೆಣ್ಣೆ, 100 ಪುಡಿ ಸಕ್ಕರೆ, ಎರಡು ಚಮಚ ಕಸ್ಟರ್ಡ್ ಪೌಡರ್, ಒಂದು ಹಿಡಿ ಟೂಟಿ ಫ್ರೂಟಿ. ಅಂಗಡಿಯಲ್ಲಿ ಪ್ಲೇನ್ ಫ್ಲೌರ್ ಅಂತಲೇ ನೋಡಿ ತಗೊಳ್ಳಿ. ಬೇಕಿಂಗ್ ಪೌಡರ್ ಬೆರೆಸಿರುವ ಸೆಲ್ಫ್ ರೈಸಿಂಗ್ ತಂದರೆ ಬಿಸ್ಕೆಟ್ ಉಬ್ಬಿ ಬನ್ ಆಗುತ್ತದೆ. ಹಿಟ್ಟನ್ನು ಲಟ್ಟಣಿಗೆಯ ಹಾಗೆ ಉರುಳೆ ಮಾಡಿ, ಫ್ರಿಜ್‌ನಲ್ಲಿಟ್ಟು, ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಫ್ಯಾನ್ ಓವನ್‌ನಲ್ಲಿ 160 ಡಿಗ್ರಿಗೆ ಬೇಯಿಸಿ. ಅಂಚು ಕೆಂಪಾಗುತ್ತಿದ್ದ ಹಾಗೇ ತೆಗೆಯಿರಿ. ಅಮ್ಮ ಇದಕ್ಕೆ ಒಂದು ಹಿಡಿ ಗೋಡಂಬಿ ಪುಡಿಯನ್ನೂ ಸೇರಿಸುತ್ತಿದ್ದರು. ನಾನೂ ಸೇರಿಸಿದೆ.

2018ರ ಡಿಸೆಂಬರ್. ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದಿಟ್ಟೆ. ಹೊಸಬಳಾಗಿದ್ದಾಗಿನಿಂದ ನನಗೆ ಕೆಲಸ ಹೇಳಿಕೊಟ್ಟ ಹಿರಿಯ ನರ್ಸ್ ಒಬ್ಬರು 'ಬೇಡ, ಥ್ಯಾಂಕ್ಸ್' ಅಂದರು. ನಮ್ಮ ಕಡೆ ಮೊದಲ ಸಲಕ್ಕೇ ಯಾರು ಕೈ ಚಾಚುತ್ತಾರೆ ಹೇಳಿ? ಇನ್ನೊಮ್ಮೆ ಹೇಳಿದೆ. ಮತ್ತೆ ಬೇಡ ಅಂದರು. ಒಂದೇ ಒಂದು ತಗೊಳ್ಳಿ ಅಂತ ಡಬ್ಬಿಯನ್ನು ಅವರ ಮುಂದೆಯೇ ಹಿಡಿದೆ. 'ಇದರಲ್ಲಿ ನಟ್ಸ್ ಇದೆಯಾ?' ಅಂತ ಕೇಳಿದರು. ಅಂತೂ ಒಪ್ಪಿದರಲ್ಲ ಎಂಬ ಖುಷಿಯಲ್ಲಿ 'ಇಲ್ಲ ಇಲ್ಲ, ಬರೀ ಫ್ರೂಟ್' ಅಂದುಬಿಟ್ಟೆ. ಪುಡಿಯಾಗಿ ಹಿಟ್ಟಿನಲ್ಲಿ ಕರಗಿದ್ದ ಗೋಡಂಬಿ ನೆನಪಿಗೇ ಬರಲಿಲ್ಲ.

ಐದು ನಿಮಿಷ ಆಗಿರಲಿಲ್ಲ. ಮೊದಲು ತುಟಿ ಊದಿತು, ಆಮೇಲೆ ದನಿ ಒಡೆಯಿತು. ಅವರ ಚೀಲದಲ್ಲೇ ಅಲರ್ಜಿ ಜೋರಾದಾಗ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ ಇತ್ತು, ತೊಡೆಗೆ ಚುಚ್ಚಿಕೊಂಡರು. ಕೆಳಗಿನ ಎಮರ್ಜೆನ್ಸಿಗೆ ಟ್ರಾಲಿಯಲ್ಲಿ ಕರೆದುಕೊಂಡು ಹೋದರು. ನಾನು ಡಬ್ಬಿ ಹಿಡಿದು ಸುಮ್ನೆ ನಿಂತಿದ್ದೆ.

ಆ ರಾತ್ರಿ ಮಗುವೊಂದಕ್ಕೆ ಟ್ಯೂಬಿನಲ್ಲಿ ಹಾಲು ಕೊಡಬೇಕಿತ್ತು, 12 ಮಿಲಿ. ತಾಯಿ ಹಿಂಡಿ ಕೊಟ್ಟ ಹಾಲು. ಹಾಲಿಗೆ ಅಂಟಿಸಿದ ಚೀಟಿಯಲ್ಲಿರುವ ಹೆಸರು, ನಂಬರ್, ತಾರೀಖು, ವೇಳೆ ಎಲ್ಲಾ ಇಬ್ಬರು ಓದಿ ಸಹಿ ಮಾಡಿದ ಮೇಲೇ ಕೊಡುವುದು ನಮ್ಮಲ್ಲಿನ ರೂಢಿ. ದಿನಕ್ಕೆ ಎಷ್ಟು ಸಲ ಆ ಚೀಟಿ ಓದುತ್ತಿದ್ದೆನೋ! ನನ್ನ ಡಬ್ಬಿಯ ಮೇಲೆ ಮಾತ್ರ ಒಂದಕ್ಷರ ಇರಲಿಲ್ಲ.

ಎರಡು ದಿನ ಬಿಟ್ಟು ಅವರು ಡ್ಯೂಟಿಗೆ ಬಂದರು. ಬೈಯಲಿಲ್ಲ. ಚೆನ್ನಾಗೇ ಮಾತಾಡಿದರು. ಆದರೆ ಬೇರೆ ಊರಿಗೆ ಹೋಗುವವರೆಗೂ ನನ್ನ ಕೈಯಿಂದ ಒಂದು ಲೋಟ ಟೀ ಕೂಡ ತಗೊಳ್ಳಲಿಲ್ಲ.

ಹಾಗಾಗಿ ಬಿಸ್ಕೆಟ್ ಖಂಡಿತ ಒಯ್ಯಿರಿ, ತಿನ್ನುತ್ತಾರೆ, ರೆಸಿಪಿಯನ್ನೂ ಕೇಳುತ್ತಾರೆ. ಏನೇನು ಹಾಕಿದ್ದೀರಿ ಅಂತ ಚೀಟಿ ಅಂಟಿಸಿ. ಇಲ್ಲಿನ ಕಾನೂನಿನಲ್ಲಿ 14 ಅಲರ್ಜಿ ಪದಾರ್ಥಗಳ ಪಟ್ಟಿ ಇದೆ. ಅದು ವ್ಯಾಪಾರದವರಿಗೆ, ಆದರೂ ನಾನು ಅದನ್ನೇ ನೋಡಿ ಬರೆಯುತ್ತೇನೆ. ಯಾರಾದರೂ ಬೇಡ ಅಂದರೆ ಡಬ್ಬಿ ಮುಚ್ಚಿ. ನನಗೆ ಈಗಲೂ ಅದು ಕಷ್ಟ, 'ಒಂದೇ ಒಂದು ತಗೊಳ್ಳಿ' ಅಂತ ನಾಲಿಗೆ ತುದಿಗೆ ಬಂದುಬಿಡುತ್ತದೆ.

ಬರುವಾಗ ತುಪ್ಪ ಕಟ್ಟಿಕೊಳ್ಳಬೇಡಿ, ಹಾಲಿನ ಪದಾರ್ಥ ತರಲು ಬಿಡುವುದಿಲ್ಲ. ಬಿಸ್ಕೆಟ್‌ಗೆ ತೊಂದರೆ ಇಲ್ಲ. ಬೇಕರಿಯದು ಅರ್ಧ ಕಿಲೋ ನನಗೂ ತನ್ನಿ, ಗೋಡಂಬಿ ಜಾಸ್ತಿ ಇರುವುದೇ ಆಗಲಿ.